ಮುದ್ದಮ್ಮ ಕುದಿಸಿದ ಬಾಟಲಿಗಳು

ಕಣ್ಣಿಗೆ ಕಾಣದ ಜೀವಿಗಳು ನೀರಿನಲ್ಲೂ ಗಾಳಿಯಲ್ಲೂ ಉಗುರಿನ ಸಂದಿಯಲ್ಲೂ ತುಂಬಿಕೊಂಡಿವೆ ಎಂಬ ಸುದ್ದಿಯನ್ನೂ ಮುದ್ದಮ್ಮ ಎಂಬ ಹೆಸರನ್ನೂ ಕಾಂತಮ್ಮ ಕೇಳಿದ್ದು ಒಂದೇ ದಿನ. ಎರಡು ಸಾವಿರದ ಒಂದನೇ ಇಸವಿ, ಯುಗಾದಿ ಕಳೆದು ಎರಡು ವಾರ. ಬಾಣಾವರದಲ್ಲಿ ಹೆಂಗಸರ ಸಂಘ ಕಟ್ಟಿದ ಹೊಸತು. ಸಂಘದ ಅಧ್ಯಕ್ಷೆ ಸುವರ್ಣಮ್ಮ ಅರಸೀಕೆರೆಯಲ್ಲಿ ಮೂರು ದಿನದ ತರಬೇತಿ ಮುಗಿಸಿಕೊಂಡು ಮಧ್ಯಾಹ್ನದ ರೈಲಿಗೆ ಬಂದವಳು, ಜಗುಲಿಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತ ಶುರು ಮಾಡಿದಳು.

"ಕಾಂತಕ್ಕ, ಮೂರು ದಿನವೂ ಬರೀ ಹುಳದ ಕಥೆ ಕಣಕ್ಕ. ಹಾಲು ಒಡೆಯೋದು ಹುಳದಿಂದ, ಹಿಟ್ಟು ಹುಳಿ ಬರೋದು ಹುಳದಿಂದ, ಉಪ್ಪಿನಕಾಯಿ ಬೂಷ್ಟು ಹಿಡಿಯೋದೂ ಹುಳದಿಂದ. ಕಾಣ್ತವಾ ಅಂದ್ರೆ ಕಾಣಲ್ವಂತೆ. ಕಾಣದೇ ಇದ್ದದ್ದನ್ನ ಸಾಯ್ಸೋದು ಹೆಂಗೆ ಅಂದ್ರೆ ಅದಕ್ಕೂ ದಾರಿ ಹೇಳಿಕೊಟ್ರು. ಕುದಿಸು, ಒಣಗಿಸು, ಉಪ್ಪು ಹಾಕು, ಹುಳಿ ಹಾಕು, ಗಾಳಿ ಆಡದಂಗೆ ಮುಚ್ಚು."

"ಅದನ್ನೆಲ್ಲ ನಮ್ಮತ್ತೆನೂ ಮಾಡ್ತಿದ್ರಲ್ಲ, ಹುಳ ಪಳ ಅನ್ನದೇನೇ" ಎಂದಳು ಕಾಂತಮ್ಮ.

"ಅದನ್ನೇ ನಾನೂ ಅಂದೆ. ಇಡೀ ಕ್ಲಾಸು ನಕ್ತು. ಒಬ್ಬಳು ಮಾತ್ರ ನಗಲಿಲ್ಲ. ಕೊನೇ ದಿನ ಮೇಡಂ ಏನು ಕೇಳಿದ್ರೂ ಅವಳದೇ ಕೈ ಮೇಲೆ. ಮೊದಲ ಬಹುಮಾನ ಅಂತ ಸ್ಟೀಲ್ ಡಬ್ಬಿನೂ ಹೊಡಕೊಂಡ್ಲು. ಯಾರು ಗೊತ್ತಾ? ಮುದ್ದಮ್ಮ ಅಂತೆ. ರೈಲ್ವೆ ಗ್ಯಾಂಗ್‌ಮನ್ ಕರಿಯಯ್ಯನ ಹೆಂಡ್ತಿ. ನಮ್ಮೂರಿನೋಳೇ, ಹಳಿ ಆಚೆ ಕೇರಿಯೋಳು."

"ಆ ಕೇರಿಯೋಳಾ?"

"ಹೂಂ. ಈಗ ತರಬೇತಿ ಕೊಟ್ಟ ಅನುಸೂಯಮ್ಮ ಮೇಡಂ ಹಟ ಹಿಡಿದು ಕೂತವ್ರೆ. ಸಂಘದಲ್ಲಿ ಎಲ್ಲಾ ಕೇರಿಯೋರೂ ಇರ್ಬೇಕಂತೆ, ನಾವು ಮಾಡೋ ಟೊಮೆಟೊ ಸಾಸಿಗೆ ಬಾಟಲಿ ಕುದಿಸೋ ಕೆಲಸ ಅವಳಿಗೇ ಕೊಡ್ಬೇಕಂತೆ. ಇಲ್ಲಾಂದ್ರೆ ಸಂಘಾನೇ ಇಲ್ವಂತೆ. ಬರಲಿ ಬಿಡು, ಹೆಂಗೋ ಸುಧಾರಿಸೋಣ."

ಆ ಸುಧಾರಿಸುವ ಕೆಲಸ ತನ್ನ ಪಾಲಿಗೆ ಬರುತ್ತದೆಂದು ಕಾಂತಮ್ಮನಿಗೆ ಆ ಹೊತ್ತಿಗೆ ತಿಳಿದಿರಲಿಲ್ಲ. ಸುವರ್ಣಮ್ಮನ ಗಂಡ ದೇವೀರಪ್ಪ ಊರಿಗೆ ದೊಡ್ಡ ಕೊಬ್ಬರಿ ವ್ಯಾಪಾರಿ. ಕಾಂತಮ್ಮ ಅವನ ದೊಡ್ಡಪ್ಪನ ಸೊಸೆ. ಗಂಡ ಸತ್ತು ಹನ್ನೆರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕೊಬ್ಬರಿ ಗೋದಾಮಿನ ಹಿಂದಿನ ಕೋಣೆಯಲ್ಲಿ ಅವಳ ಹಾಸಿಗೆ, ಟ್ರಂಕು, ದೇವರ ಗೂಡು. ಉಣ್ಣುವ ಅನ್ನ ಆ ಮನೆಯದು, ಉಡುವ ಸೀರೆ ಆ ಮನೆಯದು. ಹಾಗಾಗಿ ಆಡುವ ಮಾತೂ ಆ ಮನೆಯದೇ ಆಗಿತ್ತು.

ಮುದ್ದಮ್ಮ ಕೆಲಸಕ್ಕೆ ಬಂದದ್ದು ಮುಂದಿನ ಸೋಮವಾರ. ಎತ್ತರದ ಹೆಂಗಸು, ನಲವತ್ತರ ಆಸುಪಾಸು, ಎಣ್ಣೆ ಹಾಕಿ ಬಿಗಿಯಾಗಿ ಕಟ್ಟಿದ ತುರುಬು. ಕಂಕುಳಲ್ಲಿ ತರಬೇತಿಯ ಪಾಠ ಬರೆದುಕೊಂಡ ಒಂದು ನೋಟುಬುಕ್ಕು. ಅವಳಿಗೆ ಜಾಗ ಕೊಟ್ಟದ್ದು ಹಿತ್ತಿಲ ಹಳೇ ಕೊಟ್ಟಿಗೆಯಲ್ಲಿ. ಅಲ್ಲೊಂದು ಕಲ್ಲಿನ ಒಲೆ, ಒಂದು ತಾಮ್ರದ ಹಂಡೆ. ಟೊಮೆಟೊ ಹಣ್ಣನ್ನು ಬೇಯಿಸಿ ಸೋಸಿ ಸಾಸು ಮಾಡುವುದು, ತುಂಬುವುದು, ಲೇಬಲ್ಲು ಅಂಟಿಸುವುದೆಲ್ಲ ಗೋದಾಮಿನ ಒಳಗೆ, ಮೇಲಿನ ಕೇರಿಯ ಹೆಂಗಸರಿಂದ. ಮುದ್ದಮ್ಮ ಹೊಸ್ತಿಲು ದಾಟುವ ಹಾಗಿರಲಿಲ್ಲ. ಬಾಟಲಿ ಕುದಿಸಿ ಹಲಗೆಯ ಮೇಲೆ ಬೋರಲು ಹಾಕಿ ಹತ್ತು ಗಂಟೆಗೆ ಮನೆಗೆ ಹೋಗಿಬಿಡಬೇಕು. ನಡುವೆ ನಿಂತು ಅತ್ತಣಿಂದಿತ್ತ ಸಾಮಾನು ದಾಟಿಸುವವಳು ಕಾಂತಮ್ಮ.

ಕುದಿಸುವುದರಲ್ಲಿ ಮುದ್ದಮ್ಮ ಎಂಥ ಪೀಡೆಯೆಂದರೆ, ಮೊದಲ ವಾರವೇ ಎಲ್ಲರಿಗೂ ಸಾಕುಸಾಕಾಯಿತು. ಬಾಟಲಿಯನ್ನು ಸೋಡಾಪುಡಿ ಹಾಕಿ ಬ್ರಷ್ಷಿನಲ್ಲಿ ತಿಕ್ಕಿ, ಮೂರು ನೀರಲ್ಲಿ ಜಾಲಿಸಿ, ಹಂಡೆಯ ತಳಕ್ಕೆ ಗೋಣಿತಾಟು ಹಾಸಿ, ತಣ್ಣೀರಲ್ಲೇ ಇಳಿಸಿ, ಕುದಿ ಬಂದ ಮೇಲೆ ಗಡಿಯಾರ ನೋಡಿ ಅರ್ಧ ಗಂಟೆ. ಆಮೇಲೆ ಇಕ್ಕಳವನ್ನೂ ಕುದಿಸಬೇಕು. ಬಾಟಲಿ ಬೋರಲು ಹಾಕುವ ಬಟ್ಟೆಯನ್ನೂ ಕುದಿಸಬೇಕು.

ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಸುಮಿತ್ರಮ್ಮ ಎಂಬುವಳು ಚುಚ್ಚುತ್ತಿದ್ದಳು. "ಏನೇ ಮುದ್ದಿ, ನಿನ್ನನ್ನೂ ಒಂದು ಸಲ ಹಂಡೆಗೆ ಇಳಿಸಿಬಿಡಾಣ್ವಾ? ಹುಳ ಪೂರ್ತಿ ಹೋಗ್ತವೆ."

"ಇಳಿಸಿ ಅಮ್ಮಾರೆ. ಹಂಡೆ ಒಳಗೆ ನಾನು ಒಬ್ಬಳೇ ಯಾಕೆ, ನಿಮಗೂ ಜಾಗ ಐತೆ" ಎನ್ನುವಳು ಮುದ್ದಮ್ಮ, ಇಕ್ಕಳ ಕೆಳಗಿಡದೆ. ಮಾತಿಗೆ ಹೆದರುವ ಹೆಣ್ಣಲ್ಲ.

ಒಂದು ದಿನ ಒಲೆ ಮುಂದೆ ಕೂತಿದ್ದಾಗ ಕಾಂತಮ್ಮ ಕೇಳಿಬಿಟ್ಟಳು. "ಅಲ್ಲ ಕಣೇ, ಇಷ್ಟೊಂದು ಯಾಕೆ ಹಾರಾಡ್ತೀಯೆ? ಹತ್ತು ನಿಮಿಷ ಕುದಿಸಿದ್ರೆ ಸಾಲ್ದಾ?"

ಮುದ್ದಮ್ಮ ಸೌದೆ ಒಳಗೆ ತಳ್ಳಿದಳು. ಉರಿ ಹತ್ತಿದ ಮೇಲೆ ಹೇಳಿದಳು. ಅವಳು ಹುಟ್ಟಿದ್ದು ಬಿಕ್ಕೋಡಿನ ಹತ್ತಿರ ಒಂದು ಕಾಫಿ ತೋಟದ ಕೂಲಿ ಲೈನಿನ ಸಾಲುಮನೆಯಲ್ಲಿ. ಏಳನೇ ಕ್ಲಾಸಿನವರೆಗೆ ಓದಿದಳು. ಅಲ್ಲೇ ಕರಿಯಯ್ಯನ ಜೊತೆ ಮದುವೆಯಾಯಿತು, ಅಲ್ಲೇ ಮೊದಲ ಗಂಡು ಕೂಸು ಹುಟ್ಟಿತು. ಹಣ್ಣು ಬಿಡಿಸುವ ಕಾಲ, ಹಾಲೂಡಿಸಲು ತೋಟದಿಂದ ಬರಲು ಮೇಸ್ತ್ರಿ ಬಿಡುತ್ತಿರಲಿಲ್ಲ. ಯಾರೋ ಒಂದು ಹಾಲಿನ ಬಾಟಲಿ ಕೊಟ್ಟರು. ಅದನ್ನು ದಿನಾ ತೊಳೆದು ಹಾಲು ತುಂಬಿಟ್ಟು ಹೋಗುತ್ತಿದ್ದಳು. ಕೂಸಿಗೆ ಎಂಟು ತಿಂಗಳು. ಭೇದಿ ಹತ್ತಿತು. ಎರಡು ದಿನಕ್ಕೆ ಕಣ್ಣು ಒಳಕ್ಕೆ ಹೋದವು, ಮೂರನೇ ದಿನ ಹೋಯಿತು.

"ತೋಟದ ನರ್ಸಮ್ಮ ಬಂದೋರು ಒಂದೇ ಮಾತು ಕೇಳಿದ್ರು. ಬಾಟ್ಲಿ ಕುದಿಸ್ತಿದ್ದೇನೇ ಅಂತ. ಇಲ್ಲ, ತೊಳೀತಿದ್ದೆ ಅಂದೆ. ಅಯ್ಯೋ ಮೂಳಿ, ನೀನೇ ಕೊಂದೆಯಲ್ಲೇ ಅಂದ್ರು. ಬಾಟ್ಲಿ ಕುದಿಸ್ಬೇಕು ಅಂತ ನಂಗೆ ಯಾರು ಹೇಳಿದ್ರು ಅಮ್ಮಾರೆ? ಹೇಳಿದ್ರೆ ಕುದಿಸ್ತಿರಲಿಲ್ವಾ?"

ಕಾಂತಮ್ಮ ಎದ್ದು, ಬೋರಲು ಹಾಕಿದ ಬಾಟಲಿಗಳನ್ನು ಎಣಿಸತೊಡಗಿದಳು.

ಮುದ್ದಮ್ಮನಿಗೆ ಬೇಕಾಗಿದ್ದದ್ದು ಒಂದೇ. ಅನುಸೂಯಮ್ಮ ಮೇಡಂ ಸಂಘ ನೋಡಲು ಬಂದಾಗ ಎಲ್ಲರೆದುರು ಹೇಳಿದ್ದರು. ಅರಸೀಕೆರೆ, ಬೇಲೂರು ಎರಡೂ ತಾಲ್ಲೂಕಿನ ಹಳ್ಳಿಗಳಲ್ಲಿ ಹೆಂಗಸರಿಗೆ ಇದನ್ನು ಹೇಳಿಕೊಡಲು ಒಬ್ಬ ಟೀಚರು ಬೇಕು, ಇನ್ನೊಂದು ವರ್ಷದಲ್ಲಿ ತೆಗೆದುಕೊಳ್ಳುತ್ತೇವೆ, ಈ ಸಂಘದ ಸಾಸು ಒಂದು ಬೇಸಿಗೆ ಕೆಡದೆ ನಿಂತರೆ ಮುದ್ದಮ್ಮನ ಹೆಸರನ್ನೇ ಬರೆದು ಕಳಿಸುತ್ತೇನೆ, ಎಂದು. ಆ ದಿನದಿಂದ ಮುದ್ದಮ್ಮನ ನಡಿಗೆಯೇ ಬದಲಾಯಿತು.

"ಮೇಡಂ ಅನ್ನಿಸ್ಕಳಕ್ಕೆ ಇಷ್ಟೊಂದು ಆಸೆಯೇನೇ?" ಎಂದು ಸುಮಿತ್ರಮ್ಮ ಕೆಣಕಿದಾಗ ಅವಳು ಅಂದಳು: "ಏನಾರಾ ಅನ್ನಲಿ ಅಮ್ಮಾರೆ. ಎಲ್ಲಾ ಲೈನಿಗೂ ಹೋಗಿ ಬಾಟ್ಲಿ ಕುದಿಸ್ರಮ್ಮಾ ಅಂತ ಹೇಳಿ ಬತ್ತೀನಿ, ಅಷ್ಟೇಯ. ಸರ್ಕಾರದ ಕಾಗದ ಇದ್ರೆ ಮೇಸ್ತ್ರಿ ಒಳಕ್ಕೆ ಬಿಡ್ತಾನೆ. ಇಲ್ದಿದ್ರೆ ನನ್ನನ್ಯಾರು ಬಿಡ್ತಾರೆ?"

ಇನ್ನು ಆ ನೀರಿನ ವಿಷಯ.

ಮೊದಲ ದಿನವೇ, ಮುದ್ದಮ್ಮ ಬಾಟಲಿ ಬೋರಲು ಹಾಕಿ ಮನೆಗೆ ಹೋದ ಮೇಲೆ, ಸುವರ್ಣಮ್ಮ ಹಿತ್ತಿಲಿಗೆ ಬಂದು ನಿಂತಳು. ಹಲಗೆಯ ಮೇಲೆ ನಲವತ್ತು ಬಾಟಲಿ, ಇನ್ನೂ ಹಬೆಯಾಡುತ್ತಿದ್ದವು.

"ಹಿಂಗೇ ಒಳಕ್ಕೆ ತಗಂಡು ಹೋದ್ರೆ ಸುಮಿತ್ರಮ್ಮನೂ ಕೋರಿಯವರ ಮನೆಯೋರೂ ಯಾರೂ ನಾಳೆಯಿಂದ ಬರಲ್ಲ. ಮಠದ ಮನೆಯೋರು ಸಾಸ್ ಮುಟ್ಟಲ್ಲ. ಏನಾರ ಮಾಡು ಕಾಂತಕ್ಕ."

"ಬೆಂಕಿ ಕಂಡದ್ದಲ್ವಾ?"

"ಅವಳ ಹುಳ ಬೆಂಕಿಗೆ ಸಾಯ್ತವೆ. ಮೈಲಿಗೆ ಬೆಂಕಿಗೆ ಸಾಯುತ್ತಾ?"

ಕಾಂತಮ್ಮನಿಗೂ ಅದು ಸರಿ ಎನ್ನಿಸಿತು. ಬರೀ ಅನ್ನದ ಹಂಗಿಗೆ ಮಾಡಿದಳೆಂದರೆ ಸುಳ್ಳು. ಅವಳು ನಂಬಿ ಮಾಡಿದಳು. ದೇವರ ಗೂಡಿನ ಮುಂದಿದ್ದ ಹಿತ್ತಾಳೆ ಬಿಂದಿಗೆಯಿಂದ ಬಾವಿ ನೀರು ತಂದಳು. ಸೋಮವಾರ ತುಂಬಿದರೆ ಮುಂದಿನ ಸೋಮವಾರದ ತನಕ ಅದೇ ನೀರು. ಅದಕ್ಕೆ ಎರಡು ಚಿಟಿಕೆ ವಿಭೂತಿ ಕದಡಿದಳು. ಒಂದೊಂದು ಬಾಟಲಿಗೂ ಒಂದು ಬೊಗಸೆ ಹಾಕಿ, ಶಿವಶಿವಾ ಎಂದು ಗಲಬರಿಸಿ ಚೆಲ್ಲಿದಳು. ತಳದಲ್ಲಿ ಅರ್ಧ ಚಮಚ ನೀರು ನಿಂತೇ ನಿಂತಿತು. ಬಾಟಲಿ ಶುದ್ಧವಾಯಿತು. ಶುದ್ಧಿ ಮಾಡಿಸಿದ್ದೀನಿ ಎಂದಷ್ಟೇ ಸುವರ್ಣಮ್ಮ ಒಳಗೆ ಹೇಳಿದಳು; ಹೇಗೆಂದು ಯಾರೂ ಕೇಳದೆ ಎಲ್ಲರ ಮುಖವೂ ತಿಳಿಯಾಯಿತು.

ಅದರಿಂದ ಇನ್ನೊಂದು ತೊಡಕು ಬಂತು. ತಣ್ಣೀರು ಕಂಡ ಬಾಟಲಿಗೆ ಕುದಿಯುವ ಸಾಸು ಸುರಿದರೆ ಟಪ್ಪೆಂದು ಸೀಳುತ್ತಿತ್ತು. ನಾಲ್ಕು ಸೀಳಿದ ಮೇಲೆ ಸುವರ್ಣಮ್ಮ ಉಪಾಯ ಮಾಡಿದಳು. ಸಾಸನ್ನು ಅಗಲವಾದ ಪಾತ್ರೆಗೆ ಬಗ್ಗಿಸಿ, ಆರಿಸಿ, ಬೆರಳಿಟ್ಟರೆ ಹಿತವಾಗುವಷ್ಟು ಆದ ಮೇಲೆ ತುಂಬುವುದು.

ಮರುದಿನ ಬೆಳಿಗ್ಗೆ ಮುದ್ದಮ್ಮ ಬಂದವಳು ಕೇಳುತ್ತಿದ್ದ ಮೊದಲ ಮಾತು ದಿನಾ ಒಂದೇ. "ನೆನ್ನೆ ಬಿಸಿಬಿಸೀಲೇ ತುಂಬಿದ್ರಾ ಅಮ್ಮಾರೆ? ಕುದಿಸಿದ ಬಾಟ್ಲಿಗೆ ಯಾರೂ ಬೆರಳು ಗಿರಳು ಹಾಕಲಿಲ್ವಲ್ಲ?"

"ಹೂಂ ಕಣೇ, ಬಿಸೀಲೇ. ಯಾರು ಹಾಕ್ತಾರೆ" ಎನ್ನುವಳು ಕಾಂತಮ್ಮ. ಮೊದಲ ಸಲ ಸುಳ್ಳು ಹೇಳುವಾಗ ಮುಖ ತಿರುಗಿಸಿಕೊಂಡಿದ್ದಳು. ಹತ್ತನೇ ಸಲಕ್ಕೆ ಅದು ಬೆಳಗಿನ ಮಾತುಕತೆಯೇ ಆಗಿಹೋಯಿತು, ಕಾಫಿ ಆಯ್ತಾ ಎಂದು ಕೇಳಿದ ಹಾಗೆ.

ಏನೂ ಆಗಲಿಲ್ಲ. ಊರಲ್ಲಿ ಮಾರಿದ ಸಾಸು ವಾರದಲ್ಲಿ ಖರ್ಚಾಗುತ್ತಿತ್ತು. ಕೆಡಲು ಅದಕ್ಕೆ ಪುರಸೊತ್ತೇ ಸಿಗುತ್ತಿರಲಿಲ್ಲ. ಹೆಸರು ಬಂತು. ಬಾಣಾವರದ ಸಾಸು ಎಂದು ಅರಸೀಕೆರೆ ಬಸ್‌ಸ್ಟ್ಯಾಂಡಿನ ಅಂಗಡಿಗೂ ಹೋಯಿತು. ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಹಳೇಬೀಡಿನ ಕಡೆಯ ಒಂದು ವಸತಿಶಾಲೆಯಿಂದ ಮುನ್ನೂರು ಬಾಟಲಿಗೆ ಬೇಡಿಕೆ ಬಂದಾಗ, ಅನುಸೂಯಮ್ಮ ಮೇಡಂ ಫೋನು ಮಾಡಿ, "ಇದು ನಿಂತ್ರೆ ಮುದ್ದಮ್ಮನ ಹೆಸರು ಗ್ಯಾರಂಟಿ" ಎಂದರು. ಮುದ್ದಮ್ಮ ಹನ್ನೊಂದು ದಿನ ಹಂಡೆ ಮುಂದಿನಿಂದ ಏಳಲಿಲ್ಲ. ಮುಂಗೈ ತುಂಬ ಬೊಬ್ಬೆ. ಮುನ್ನೂರು ಬಾಟಲಿ ಕುದಿಸಿದಳು. ಮುನ್ನೂರಕ್ಕೂ ಕಾಂತಮ್ಮ ವಿಭೂತಿ ನೀರು ಹಾಕಿದಳು.

ಶಿವರಾತ್ರಿ ಮುಗಿದು ಬಿಸಿಲು ಏರಿತು. ಒಂದು ಮಧ್ಯಾಹ್ನ ವಸತಿಶಾಲೆಯಿಂದ ಟೆಂಪೋ ಬಂದು ಗೋದಾಮಿನ ಮುಂದೆ ನಿಂತಿತು. ಹಿಂಬದಿಯ ಬಾಗಿಲು ತೆಗೆದರೆ ಗಪ್ಪೆಂದು ಹೆಂಡದ ವಾಸನೆ. ಉಗ್ರಾಣದಲ್ಲಿ ಬಾಟಲಿಗಳು ತಾವಾಗಿಯೇ ಸಿಡಿಯತೊಡಗಿದವಂತೆ, ಮುಚ್ಚಳ ಸೂರಿಗೆ ಬಡಿದವಂತೆ, ಗೋಡೆಯೆಲ್ಲ ಕೆಂಪಂತೆ. ಸಿಡಿಯದೆ ಉಳಿದದ್ದನ್ನು ಅಡುಗೆಯವನು ಚಪಾತಿಗೆ ಬಡಿಸಿದ್ದರಿಂದ ಹನ್ನೊಂದು ಮಕ್ಕಳು ವಾಂತಿ ಮಾಡಿಕೊಂಡು, ಇಬ್ಬರಿಗೆ ಡ್ರಿಪ್ಪು ಹಾಕಿದ್ದರು. ಯಾರೂ ಸಾಯಲಿಲ್ಲ. ಡ್ರೈವರು ನೂರಾ ನಲವತ್ತು ಬಾಟಲಿ ಇಳಿಸಿ, "ನಿಮ್ಮ ಹೆಂಡ ನೀವೇ ಕುಡೀರಮ್ಮ" ಎಂದು ಹೋದ.

ಸಂಜೆಯೊಳಗೆ ಹೆಂಗಸರೆಲ್ಲ ಹಿತ್ತಿಲಲ್ಲಿ ಸೇರಿದರು. ಮುದ್ದಮ್ಮನನ್ನು ಕರೆಸಿದರು. ಅವಳು ಓಡುತ್ತಲೇ ಬಂದಳು. ಮಕ್ಕಳ ಸುದ್ದಿ ಕೇಳಿ ಮುಖದಲ್ಲಿ ರಕ್ತವಿರಲಿಲ್ಲ.

"ಮಕ್ಕಳು ಹೆಂಗವ್ರೆ? ಉಳದವಾ?"

"ಉಳಿದವೆ, ನಿನ್ನ ಪುಣ್ಯದಿಂದಲ್ಲ" ಎಂದಳು ಸುವರ್ಣಮ್ಮ. "ಹುಳ ಸಾಯಿಸ್ತೀನಿ ಅಂತ ಬಂದು ಹೆಂಡ ಇಳಿಸಿದ್ಯಲ್ಲೇ. ಕೈಗುಣ ಎಲ್ಲಿಗೆ ಹೋಗುತ್ತೆ? ನೀನು ಕುದಿಸಿದ್ದು ಸರಿ ಇದ್ರೆ ಕುಡಿ ಇದನ್ನ, ನಮ್ಮೆದುರು."

"ಕುಡೀತೀನಿ, ಕೊಡಿ. ಏನಾಗೈತೆ ಅಂತ ನನಗೂ ತಿಳೀಬೇಕು."

ಲೋಟ ತರಲು ಯಾರೂ ಏಳಲಿಲ್ಲ. ಯಾರ ಮನೆಯ ಲೋಟವನ್ನು ಅವಳಿಗೆ ಕೊಡುವುದು? ಸುಮಿತ್ರಮ್ಮ ನಗುತ್ತ, "ಬೊಗಸೆ ಒಡ್ಡೇ" ಎಂದಳು. ಮುದ್ದಮ್ಮ ಒಂದು ಕ್ಷಣ ಸುತ್ತ ನೋಡಿದಳು. ಆಮೇಲೆ ಮಂಡಿಯೂರಿ ಬೊಗಸೆ ಒಡ್ಡಿದಳು. ಬಾಟಲಿ ಕೊಟ್ಟದ್ದು ಕಾಂತಮ್ಮನ ಕೈಗೆ. ಅವಳು ಎತ್ತರದಿಂದ, ಮುಟ್ಟದ ಹಾಗೆ, ಸುರಿದಳು. ನೊರೆ ನೊರೆಯಾಗಿ ಇಳಿಯಿತು. ಮುದ್ದಮ್ಮ ಗುಟುಕು ಗುಟುಕಾಗಿ ಕುಡಿದಳು. ಸೆರಗಿನ ಮೇಲೆ, ಕತ್ತಿನ ಮೇಲೆ ಕೆಂಪು ಸುರಿಯಿತು. ಯಾರೋ ಕಿಸಕ್ಕೆಂದರು. ಅರ್ಧ ಬಾಟಲಿಯಾದ ಮೇಲೆ ಅವಳು ತಲೆ ಎತ್ತಿ ನಾಲಿಗೆಯನ್ನು ಮೇಲ್ದವಡೆಗೆ ಉಜ್ಜಿ ನೋಡಿಕೊಂಡಳು. ಅಂಗೈಯಲ್ಲಿ ಉಳಿದ ಬೂದುಬಣ್ಣದ ಗಸಿಯನ್ನು ಹೆಬ್ಬೆರಳಿನಲ್ಲಿ ತೀಡಿ ನೋಡಿದಳು.

"ಇದರಲ್ಲಿ ಬೂದಿ ಐತೆ" ಎಂದಳು. "ಬೂದಿ ಹೆಂಗೆ ಬಂತು?"

ಕಾಂತಮ್ಮ ಕೈಯಲ್ಲಿದ್ದ ಬಾಟಲಿಯನ್ನು ಸೆರಗಿನ ಮರೆಗೆ ಸರಿಸಿದಳು.

ಸುವರ್ಣಮ್ಮ ತಡಮಾಡಲಿಲ್ಲ. "ಬೂದಿ ಎಲ್ಲಿಂದ ಬರುತ್ತೆ? ಒಲೆಯಿಂದ ಬರುತ್ತೆ! ಬೂದೀಲಿ ಬಾಟಲಿ ತಿಕ್ಕಿದ್ದೀಯ, ಸರಿಯಾಗಿ ಜಾಲಿಸಿಲ್ಲ. ಸೋಡಾಪುಡಿ ಎಲ್ಲ ಮನೆಗೆ ಸಾಗಿಸಿದ್ಯೇನೇ ಕಳ್ಳಿ?"

"ನಾನು ಬೂದಿ ಮುಟ್ಟಿಲ್ಲ. ಕಾಂತಮ್ಮಾರು ದಿನಾ ನೋಡವ್ರೆ. ಕೇಳಿ ಅವರನ್ನ."

ಎಲ್ಲರೂ ಕಾಂತಮ್ಮನ ಕಡೆ ತಿರುಗಿದರು. ಸುವರ್ಣಮ್ಮ ತಿರುಗಲಿಲ್ಲ. ಅವಳು ಗೋದಾಮಿನ ಹಿಂದಿನ ಕೋಣೆಯ ಕಡೆ, ಕಾಂತಮ್ಮನ ಟ್ರಂಕು ಇದ್ದ ಕಡೆ ಸುಮ್ಮನೆ ಒಂದು ಸಲ ನೋಡಿದಳು. ಅಷ್ಟು ಸಾಕಾಯಿತು.

"ನಾನು ಅಷ್ಟೊಂದು ಗಮನಿಸಲಿಲ್ಲ" ಎಂದಳು ಕಾಂತಮ್ಮ.

ಮುದ್ದಮ್ಮ ಕೊಟ್ಟಿಗೆ ಗೋಡೆ ಹಿಡಿದುಕೊಂಡು ವಾಂತಿ ಮಾಡಿಕೊಂಡಳು. ಅವಳು ಹೋದ ಮೇಲೆ ಕಾಂತಮ್ಮನೇ ಆ ಜಾಗಕ್ಕೆ ಸಗಣಿ ನೀರು ಹಾಕಿದಳು.

ಮೂರು ದಿನದ ಮೇಲೆ ಅನುಸೂಯಮ್ಮ ಮೇಡಂ ಬಂದರು. ಅವರು ಕೂಗಾಡಲಿಲ್ಲ. ಉಳಿದ ಬಾಟಲಿಯೊಂದನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿದರು. ಆಮೇಲೆ ಎಲ್ಲರನ್ನೂ ಗೋದಾಮಿನ ಮುಂದೆ ಕೂರಿಸಿದರು. ಮುದ್ದಮ್ಮ ಅಂಗಳದ ತುದಿಯಲ್ಲಿ ನಿಂತಿದ್ದಳು.

"ನಾನು ಬೈಯೋಕೆ ಬಂದಿಲ್ಲ. ಒಂದೇ ಪ್ರಶ್ನೆ. ಬಾಟಲಿ ಕುದಿಸಿದ ಮೇಲೆ, ಸಾಸ್ ತುಂಬೋಕೆ ಮೊದಲು, ಒಳಗೆ ಏನಾದರೂ ಹೋಯ್ತಾ? ನೀರು? ಬಟ್ಟೆ? ಕೈ? ನಿಜ ಹೇಳಿ. ಕುದಿಸಿದ್ದರಲ್ಲಿ ತಪ್ಪಾಗಿದ್ರೆ ಅದು ಮುದ್ದಮ್ಮಂದು. ಆಮೇಲೆ ಆಗಿದ್ರೆ ಅವಳದಲ್ಲ. ಬಾಟಲಿ ದಾಟಿಸ್ತಿದ್ದೋರು ಯಾರು?"

"ನಾನು" ಎಂದು ಕಾಂತಮ್ಮ ಎದ್ದು ನಿಂತಳು.

"ನೀವು ಹೇಳೀಮ್ಮ. ಏನಾದರೂ ಹಾಕಿದ್ರಾ?"

ಇದಕ್ಕಿಂತ ನೇರವಾಗಿ ಯಾರೂ ಕೇಳಲಾರರು. ಅಂಗಳದ ತುದಿಯಿಂದ ಮುದ್ದಮ್ಮ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಸಿಟ್ಟಿದ್ದಿದ್ದರೆ ಕಾಂತಮ್ಮನಿಗೆ ಸುಲಭವಾಗುತ್ತಿತ್ತು. ಹೇಳಿಬಿಡುತ್ತಾರೆ, ಈಗ ಹೇಳಿಬಿಡುತ್ತಾರೆ ಎಂಬ ನಂಬಿಕೆ ಇತ್ತು.

"ಇಲ್ಲ" ಎಂದಳು ಕಾಂತಮ್ಮ. "ಏನೂ ಹಾಕಿಲ್ಲ."

ಮೇಡಂ ಪುಸ್ತಕ ಮುಚ್ಚಿದರು. ಸಂಘದ ಹೆಂಗಸರೆಲ್ಲ ಸೇರಿ ಬರೆದ ದೂರಿನ ಅರ್ಜಿ ಆಗಲೇ ತಯಾರಿತ್ತು, ಸುವರ್ಣಮ್ಮನ ಮಗಳು ಅಕ್ಷತಾ ದುಂಡಗೆ ಬರೆದದ್ದು. ಮುದ್ದಮ್ಮನ ನಿರ್ಲಕ್ಷ್ಯದಿಂದ ಎಂದಿತ್ತು. ಕಣ್ಣಾರೆ ಕಂಡವಳು ಕಾಂತಮ್ಮನೇ ಆದ್ದರಿಂದ ಮೊದಲ ಸಹಿ ಅವಳದು. ಸಹಿ ಮಾಡುವುದನ್ನು ಅವಳು ಕಲಿತದ್ದು ಅದೇ ಸಂಘದಲ್ಲಿ. ಒಂದೊಂದಕ್ಷರವನ್ನೂ ಬಿಡಿಸಿ ಬಿಡಿಸಿ ಬರೆದಳು. ಚೆನ್ನಾಗಿ ಬಂತು.

ಅಲ್ಲಿಂದಾಚೆಗೆ ನಡೆದದ್ದು ಇನ್ನೂ ಕ್ರೂರ. ಮುದ್ದಮ್ಮನನ್ನು ತೆಗೆದ ಮೇಲೆ ಬಾಟಲಿ ಕುದಿಸುವ ಕೆಲಸ ಸುಮಿತ್ರಮ್ಮನಿಗೆ ಬಂತು. ಸುಮಿತ್ರಮ್ಮ ಮೇಲಿನ ಕೇರಿಯವಳು. ಅವಳು ಮುಟ್ಟಿದ ಬಾಟಲಿಗೆ ವಿಭೂತಿ ನೀರು ಹಾಕುವ ಅಗತ್ಯವೇನು? ಹಾಕಲಿಲ್ಲ. ಬಾಟಲಿ ತಣ್ಣಗಾಗಲಿಲ್ಲ, ಆದ್ದರಿಂದ ಕುದಿಯುವ ಸಾಸನ್ನೇ ತುಂಬಿದರು. ಆ ಸಾಸು ಒಂದು ಬೇಸಿಗೆ ನಿಂತಿತು. ಎರಡು ಬೇಸಿಗೆ ನಿಂತಿತು. ಒಂದು ಮುಚ್ಚಳವೂ ಹಾರಲಿಲ್ಲ.

"ನೋಡಿದ್ರಾ? ಅವಳು ಹೋದ್ಲು, ಕೇಡೂ ಹೋಯ್ತು" ಎಂದು ಸುವರ್ಣಮ್ಮ ಸಭೆಯಲ್ಲಿ ಹೇಳಿದಾಗ ಎಲ್ಲರೂ ಹೂಂಗುಟ್ಟಿದರು. ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು? ಆ ಸಭೆಯಲ್ಲಿ ನಿಜ ಗೊತ್ತಿದ್ದವರು ಇಬ್ಬರೇ. ಅವರಲ್ಲಿ ಸುವರ್ಣಮ್ಮ ತನ್ನ ಮಾತನ್ನು ತಾನೇ ನಂಬಿಬಿಟ್ಟಿದ್ದಳು. ಹಾಗಾಗಿ ಉಳಿದವಳು ಒಬ್ಬಳು.

ಟೀಚರ ಕೆಲಸ ಅಕ್ಷತಾಳಿಗೆ ಸಿಕ್ಕಿತು. ಬಿ.ಎ. ಓದಿದ ಹುಡುಗಿ, ಮಾತು ಸ್ಪಷ್ಟ. ಬರೆದುಕೊಳ್ಳಲು ಒಂದು ವಾರಕ್ಕೆಂದು ಮುದ್ದಮ್ಮ ಕೊಟ್ಟಿದ್ದ ನೋಟುಬುಕ್ಕು ಅಕ್ಷತಾಳ ಬಳಿಯೇ ಉಳಿದಿತ್ತು. ಅದನ್ನು ಹಿಡಿದು ಅವಳು ಹಳೇಬೀಡು, ಬೇಲೂರು, ಬಿಕ್ಕೋಡು ಎಲ್ಲ ಕಡೆ ಹೋಗಿ, "ಕುದಿಸಿದ ಬಾಟಲಿಗೆ ಬೆರಳು ಕೂಡ ಹಾಕಬಾರದು ಅಮ್ಮಂದಿರಾ" ಎಂದು ಹೇಳಿಬರುತ್ತಿದ್ದಳು. ಕಾಫಿ ಲೈನುಗಳಿಗೆ ಹೋಗುತ್ತಿರಲಿಲ್ಲ. ಜೀಪು ಹತ್ತಿದರೆ ಅವಳಿಗೆ ತಲೆ ಸುತ್ತುತ್ತಿತ್ತು.

ಮುದ್ದಮ್ಮನಿಗೆ ಊರು 'ಹೆಂಡದ ಮುದ್ದಿ' ಎಂದು ಹೆಸರಿಟ್ಟಿತು. ಸಂತೆಯಲ್ಲಿ ಮಕ್ಕಳು ಬಾಯಲ್ಲಿ ಬೆರಳಿಟ್ಟು ಟಪ್ಪೆಂದು ಸದ್ದು ಮಾಡಿ ಓಡುತ್ತಿದ್ದವು. ಅವಳ ಕೇರಿಯವರೂ ಮದುವೆ ಮನೆಯಲ್ಲಿ ಅವಳನ್ನು ಅಡುಗೆಗೆ ಕರೆಯುವುದನ್ನು ಬಿಟ್ಟರು. ಕರಿಯಯ್ಯ ಸಾಧು ಮನುಷ್ಯ. ಅವನೂ ಒಂದು ದಿನ, "ನಿನಗ್ಯಾಕೆ ಬೇಕಿತ್ತು ಮೇಡಂಗಿರಿ? ಮರ್ಯಾದೆಯಾಗಿ ನಾಲ್ಕು ಪಾತ್ರೆ ತೊಳಕೊಂಡು ಇರಕ್ಕೆ ಆಗ್ಲಿಲ್ವಾ?" ಎಂದುಬಿಟ್ಟ. ಅವಳು ತಾಲ್ಲೂಕಿಗೆ ಮೂರು ಅರ್ಜಿ ಬರೆದಳು. ಮೂರಕ್ಕೂ ಉತ್ತರ ಬರಲಿಲ್ಲ. ಅನುಸೂಯಮ್ಮ ಮೇಡಂಗೆ ವರ್ಗವಾಗಿತ್ತು.

ಎರಡು ಸಾವಿರದ ಐದರಲ್ಲಿ ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಹಾಸನಕ್ಕೆ ಹೋದರು, ಬೆಂಗಳೂರಿಗೂ ಹೋದರು. ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿದರು.

ಮುಂದೇನಾಯಿತೆಂಬುದನ್ನು ಮೊದಲೇ ಹೇಳಿಬಿಡುವುದು ವಾಸಿ. ಆ ಕಾರ್ತಿಕದ ಒಂದು ಸೋಮವಾರ ಸಂಘದ ಸಭೆ ಇತ್ತು. ಕಾಂತಮ್ಮ ಬಂದವರಿಗೆಲ್ಲ ಎಲೆ ಅಡಿಕೆ ಹಂಚಿದಳು, ಜಮಖಾನೆ ಹಾಸಿದಳು, ಕೊನೆಗೆ ಜಮಖಾನೆ ಸುತ್ತಿ ಒಳಗಿಟ್ಟಳು. ಬಾಯಿ ಬಿಡಲಿಲ್ಲ. ಸಭೆ ನಡೆಯುವಷ್ಟು ಹೊತ್ತೂ ಮುದ್ದಮ್ಮನ ಮಗಳು ಆಶಾರಾಣಿ ಬೇಲಿಯಾಚೆ ನಿಂತಿದ್ದು, ಜನ ಚದುರಿದ ಮೇಲೆ ತಲೆ ತಗ್ಗಿಸಿಕೊಂಡು ಹಳಿ ದಾಟಿ ಹೋದಳು. ಮಂಗಳವಾರ ಬೆಳಿಗ್ಗೆ ಮುದ್ದಮ್ಮ ಸತ್ತಳು.

ಆ ಸೋಮವಾರಕ್ಕೆ ಎರಡು ದಿನ ಮೊದಲು, ಶನಿವಾರ ಮಧ್ಯಾಹ್ನ, ಆಶಾರಾಣಿ ಹಿತ್ತಿಲ ಬಾಗಿಲಿಗೆ ಬಂದು, "ನಮ್ಮವ್ವ ನಿಮ್ಮನ್ನ ನೋಡ್ಬೇಕಂತೆ" ಎಂದಿದ್ದಳು. ಕಾಂತಮ್ಮ ಹಿಟ್ಟಿನ ಗಿರಣಿಗೆ ಹೋಗಿಬರುತ್ತೇನೆಂದು ಸುವರ್ಣಮ್ಮನಿಗೆ ಹೇಳಿ, ರಾಗಿ ಡಬ್ಬಿ ಹಿಡಿದುಕೊಂಡೇ ಹಳಿ ದಾಟಿದಳು. ಐವತ್ತೆಂಟು ವರ್ಷದಲ್ಲಿ ಆ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು.

ಸಿಮೆಂಟಿನ ನೆಲ, ಗೋಡೆಯ ಮೇಲೆ ಬುದ್ಧನ ಪಟ. ಚಾಪೆಯ ಮೇಲೆ ಮುದ್ದಮ್ಮ ಒಂದು ಹಿಡಿಯಾಗಿ ಮಲಗಿದ್ದಳು. ತುರುಬು ಕಟ್ಟುವಷ್ಟು ಕೂದಲಿರಲಿಲ್ಲ. ಆಶಾರಾಣಿ ಕುರ್ಚಿ ಹಾಕಿದಳು. ಕಾಂತಮ್ಮ ಹೊಸ್ತಿಲಲ್ಲೇ ನಿಂತಳು.

"ಕೂತ್ಕಳಿ ಅಮ್ಮಾರೆ. ಆಮ್ಯಾಲೆ ಸ್ನಾನ ಮಾಡೀರಂತೆ" ಎಂದಳು ಮುದ್ದಮ್ಮ. ದನಿ ಸಣ್ಣಗಿತ್ತು, ನಾಲಿಗೆ ಹಾಗೆಯೇ ಇತ್ತು.

ಕಾಂತಮ್ಮ ಕೂತಳು.

"ವಿಭೂತಿ ಅಲ್ವಾ ಅದು?"

ಕಾಂತಮ್ಮನ ತೊಡೆಯ ಮೇಲಿನ ರಾಗಿ ಡಬ್ಬಿ ಜಾರಿತು. ಹಿಡಿದುಕೊಂಡಳು.

"ಅವತ್ತೇ ಗೊತ್ತಾಯ್ತು. ಒಲೆ ಬೂದಿ ಹಲ್ಲಿಗೆ ಸಿಗ್ತದೆ. ಅದು ನಯವಾಗಿತ್ತು. ನೀರು ಬಾವೀದಾ?"

"ಹೂಂ."

"ಮುನ್ನೂರಕ್ಕೂ ಹಾಕಿದ್ರಾ?"

"ಹೂಂ ಕಣೇ. ಮೊದಲ ದಿನದಿಂದಲೂ."

ಮುದ್ದಮ್ಮ ಸೂರು ನೋಡುತ್ತ ನಕ್ಕಳು. ನಗುವಿನಿಂದ ಹೊಟ್ಟೆ ನೊಂದು ಮುಖ ಹಿಂಡಿಕೊಂಡಳು. "ನಾನು ಸುಮ್ಮನೆ ಕೈ ಸುಟ್ಕಂಡೆ ನೋಡಿ."

"ಗೊತ್ತಾಗಿತ್ತು ಅಂದ್ರೆ ಅವತ್ತೇ ಯಾಕೆ ಹೇಳ್ಲಿಲ್ಲ ಮುದ್ದಮ್ಮ?"

"ನಾನು ಹೇಳಿದ್ರೆ ಯಾರು ಕೇಳೋರು? ದೇವರ ವಿಭೂತಿ ಮ್ಯಾಲೆ ತಪ್ಪು ಹೊರಿಸ್ತಾಳೆ ಅಂತ ನಾಲ್ಕು ಬಡಿಯೋರು. ನೀವು ಹೇಳಿದ್ರೆ ಮಾತ್ರ ಅದು ಮಾತು. ಹೇಳ್ತೀರಿ ಅಂತ ಕಾದೆ. ಮೇಡಂ ಕೇಳಿದಾಗ ಕಾದೆ. ಆಮ್ಯಾಲೂ ಕಾದೆ. ಮೂರು ವರ್ಷ ಮೇಲಾಯ್ತು."

ಕಾಂತಮ್ಮನಿಗೆ ಅಳು ಬಂತು. ಅಳುವುದಕ್ಕೂ ನಾಚಿಕೆಯಾಯಿತು. "ನಾನೆಲ್ಲಿಗೆ ಹೋಗ್ಲಿ ಕಣೇ? ಹೇಳಿದ ದಿನವೇ ಟ್ರಂಕು ಬೀದಿಗೆ ಬೀಳುತ್ತೆ. ತೌರಿಲ್ಲ, ಮಕ್ಕಳಿಲ್ಲ. ಅನ್ನ ಅವರದು."

"ಗೊತ್ತು."

"ಹೇಳ್ತೀನಿ ಮುದ್ದಮ್ಮ. ಒಂದಲ್ಲ ಒಂದಿನ ಹೇಳೇ ಹೇಳ್ತೀನಿ. ನೀನು ಹೋದ್ಮೇಲಾದ್ರೂ ಎಲ್ಲರೆದುರು ಹೇಳ್ತೀನಿ, ಶಿವನಾಣೆ."

ಮುದ್ದಮ್ಮ ಕಷ್ಟಪಟ್ಟು ಪಕ್ಕಕ್ಕೆ ಹೊರಳಿದಳು. ಕೈ ಚಾಚಿದಳು, ಮುಟ್ಟಲಿಲ್ಲ. ಕುರ್ಚಿಯ ಕಾಲನ್ನು ಹಿಡಿದುಕೊಂಡಳು.

"ನಾನು ಹೋದ ಮ್ಯಾಲೆ ಬ್ಯಾಡಿ ಅಮ್ಮಾರೆ. ಸತ್ತೋಳ ಬಗ್ಗೆ ಒಳ್ಳೇದು ಹೇಳಕ್ಕೆ ಯಾರಿಗೂ ಖರ್ಚಿಲ್ಲ. ಸುವರ್ಣಮ್ಮಾರೂ ಹೇಳ್ತಾರೆ. ನಾಡಿದ್ದು ಸೋಮವಾರ ಸಭೆ ಐತೆ. ಅಲ್ಲಿ ಎದ್ದು ನಿಂತು ಒಂದೇ ಮಾತು ಹೇಳಿ, ನೀರು ಹಾಕಿದ್ದು ನಾನು ಅಂತ. ಅಷ್ಟೇ ಸಾಕು, ಬ್ಯಾರೆ ಏನೂ ಬ್ಯಾಡ. ಆಶಾ ಬೇಲಿ ಆಚೆ ನಿಂತಿರ್ತಾಳೆ. ಕೇಳಿಸ್ಕಂಡು ಓಡಿ ಬಂದು ನನಗೆ ಹೇಳ್ತಾಳೆ. ಸೋಮವಾರದ ಗಂಟ ನಾನು ಹೆಂಗಾರ ಮಾಡಿ ಇರ್ತೀನಿ. ನಾನು ಕಿವೀಲಿ ಕೇಳಂಗೆ ಹೇಳಿ."